ಗೆಜೆಟ್ಟಿನ ಕಂಸದೊಳಗೆ ಒಂದು ಊರು

ತಿಕೋಟಾ ತಾಲ್ಲೂಕಿನ ಹೊನವಾಡದ ಹೆಸರು 2024ರ ಅಕ್ಟೋಬರಿನಲ್ಲಿ ದಿಲ್ಲಿ ಮುಟ್ಟಿತು. ಅಲ್ಲಿಯವರೆಗೆ ಆ ಊರು ಜಿಲ್ಲಾ ಪುಟಗಳಲ್ಲಿ ಕಾಣುತ್ತಿದ್ದದ್ದು ಅಕಾಲದ ಮಳೆಗೆ ದ್ರಾಕ್ಷಿ ಕೆಟ್ಟಾಗ, ಬೇಸಿಗೆಯಲ್ಲಿ ನೀರಿಗೆ ತ್ರಾಸಾದಾಗ, ಇಲ್ಲವೇ ಜಾತ್ರೆ ಬಂದಾಗ. ಊರಿನ 1,200 ಎಕರೆ ವಕ್ಫ್ ಆಸ್ತಿಯಾಗುತ್ತದೆ ಎಂಬ ಮಾತು ಹಬ್ಬಿತು. ರೈತರು ತಮ್ಮ ಹೊಲದ ಉತಾರ (ಪಹಣಿ) ಹಿಡಿದುಕೊಂಡು ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರ ಹತ್ತಿರ ಹೋಗಿ ಮನವಿ ಕೊಟ್ಟರು. ಎರಡು ಮೂರು ದಿನಗಳಲ್ಲಿ ಬೆಂಗಳೂರಿನ ಟಿ.ವಿ. ಗಾಡಿಗಳು ಊರೊಳಗೆ ನಿಂತವು. ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರು ವಿಜಯಪುರದಲ್ಲಿ ಧರಣಿ ಕೂತರು. ನವೆಂಬರ್ ಮೊದಲ ವಾರದಲ್ಲಿ ವಕ್ಫ್ ಮಸೂದೆಯ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷ ಜಗದಂಬಿಕಾ ಪಾಲ್ ಸ್ವತಃ ವಿಜಯಪುರಕ್ಕೆ ಬಂದು ರೈತರ ಅಹವಾಲು ಕೇಳಿದರು.

ಇಷ್ಟಕ್ಕೆಲ್ಲ ಮೂಲವಾದದ್ದು ಯಾವುದು? ಸಚಿವರು ಕೊಟ್ಟ ವಿವರಣೆಯ ಪ್ರಕಾರ ಅದು ಹಳೆಯ ಗೆಜೆಟ್ಟಿನ ಒಂದು ಕಂಸ. 1974ರ ಅಧಿಸೂಚನೆಯಲ್ಲಿ ವಿಜಯಪುರದ ಮಹಲಬಾಗಾಯತದ ಆಸ್ತಿಗಳನ್ನು ಪಟ್ಟಿ ಮಾಡುವಾಗ ಕಂಸದಲ್ಲಿ ಹೊನವಾಡ ಎಂದು ತಪ್ಪಾಗಿ ಸೇರಿತ್ತು. 1977ರಲ್ಲಿ ಅದನ್ನು ತಿದ್ದಿದ್ದರು. 1,200 ಎಕರೆ ಎಂಬುದು ಹೊನವಾಡದ್ದಲ್ಲ. ಆ ಊರಿನಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ ಎಂದರು.

ಆ ವಾರದ ಪತ್ರಿಕೆಗಳನ್ನೆಲ್ಲ ತರಿಸಿ, ಮನೆಯ ಪಡಸಾಲೆಯಲ್ಲಿ ಹರವಿಕೊಂಡು ಓದಿದೆ. ಬಹಳ ವರ್ಷ ಈ ಜಿಲ್ಲೆಯಲ್ಲಿ ಪತ್ರಿಕೆಯ ಕೆಲಸ ಮಾಡಿ ಹೊರಬಂದವನು ನಾನು. ಆ ಅಭ್ಯಾಸ ಹೋಗುವುದಿಲ್ಲ: ಸುದ್ದಿ ಓದುವಾಗ ಇದನ್ನು ಬರೆದವ ಎಲ್ಲಿ ನಿಂತು ಬರೆದ, ಕೈಯಲ್ಲಿ ಯಾವ ಕಾಗದ ಇತ್ತು ಎಂದು ಹುಡುಕುತ್ತೇನೆ. ಸಚಿವರು ಹೇಳಿದ್ದು ಸಿಕ್ಕಿತು, ಶಾಸಕರು ತಿರುಗಿಸಿ ಹೇಳಿದ್ದು ಸಿಕ್ಕಿತು, ಸಂಸದರು ಬಂದು ಹೇಳಿದ್ದು ಸಿಕ್ಕಿತು. ಗೆಜೆಟ್ ತೆಗೆದು, ಅದರ ಸರ್ವೆ ನಂಬರುಗಳನ್ನು ಹೊನವಾಡದ ಹೊಲಗಳ ನಂಬರಿನ ಜೊತೆ ಇಟ್ಟು ನೋಡಿದ ವರದಿಗಾಗಿ ಪುಟ ತಿರುವುತ್ತಲೇ ಇದ್ದೆ.

ರೈತರ ಅಂಜಿಕೆ ಸುಳ್ಳಿನದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. ಇಂಡಿ ತಾಲ್ಲೂಕಿನ ಕೆಲವು ಉತಾರಗಳಲ್ಲಿ ಮುಂಚಿತ ನೋಟಿಸು ಕೊಡದೆಯೇ ವಕ್ಫ್ ಹೆಸರು ಸೇರಿಸಿದ್ದು ನಿಜವೆಂದು ಸರ್ಕಾರವೇ ಒಪ್ಪಿ ಅದನ್ನು ಸರಿಪಡಿಸಲು ಹೊರಟಿತು. ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿ ಸೂಚಿಸಿದರು. ಹಾಗಾಗಿ ಹೊನವಾಡದ ಮಂದಿ ಗಾಬರಿಯಾದದ್ದು ಸಹಜ. ಆ ಗಾಬರಿಯ ಹೊತ್ತಿನಲ್ಲೇ ಉತಾರ ಬಿಡಿಸಿ ಹೇಳುವ ವರದಿಗಾರ ಬೇಕಾಗಿದ್ದದ್ದು. ಉತಾರದ 9ನೇ ಕಾಲಂನಲ್ಲಿ ಹೊಲದ ಒಡೆಯನ ಹೆಸರಿರುತ್ತದೆ. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣ ಇರುತ್ತವೆ: ಬ್ಯಾಂಕಿನ ಬೋಜಾ, ಕೋರ್ಟಿನ ತಡೆ, ಮತ್ತೊಬ್ಬರ ಹಕ್ಕಿನ ಮಾತು. 11ರಲ್ಲಿ ಒಂದು ಸಾಲು ಕೂತ ಕೂಡಲೇ ಒಡೆತನ ಹೋಗುವುದಿಲ್ಲ, ಆದರೆ ಬ್ಯಾಂಕಿನವರು ಸಾಲಕ್ಕೆ ಹಿಂದೇಟು ಹಾಕುತ್ತಾರೆ, ಹೊಲ ಕೊಳ್ಳುವವನು ಹಿಂದೆ ಸರಿಯುತ್ತಾನೆ. ಗೆಜೆಟ್‌ನಲ್ಲಿ ಹೆಸರಿರುವುದು ಒಂದು, ನೋಟಿಸು ಬರುವುದು ಇನ್ನೊಂದು, 11ರಲ್ಲಿ ನಮೂದಾಗುವುದು ಮತ್ತೊಂದು, ಜಮೀನು ಕೈಬಿಟ್ಟು ಹೋಗುವುದು ಬೇರೆಯೇ. ನಾಲ್ಕನ್ನೂ ಒಂದೇ ತಲೆಬರಹದಲ್ಲಿ ಹಾಕಿದರೆ ಓದುವ ರೈತನಿಗೆ ಉಳಿಯುವುದು ನಾಲ್ಕನೆಯದು ಮಾತ್ರ. ಅದೇ ದಿನಗಳಲ್ಲಿ ಹಾವೇರಿಯ ರೈತನೊಬ್ಬನ ಆತ್ಮಹತ್ಯೆಯನ್ನು ವಕ್ಫ್‌ಗೆ ಜೋಡಿಸಿದ ಸುದ್ದಿಯೂ ಮೊಬೈಲಿಂದ ಮೊಬೈಲಿಗೆ ಹರಿಯಿತು. ಆ ಸಾವು 2022ರದ್ದು, ಕಾರಣ ಸಾಲ ಎಂದು ಹಾವೇರಿ ಪೊಲೀಸರು ಹೇಳುವಷ್ಟರಲ್ಲಿ ಅದು ನಮ್ಮ ಊರುಗಳನ್ನೆಲ್ಲ ಸುತ್ತಿ ಬಂದಿತ್ತು.

ನಾನು ಕೆಲಸಕ್ಕೆ ಸೇರಿದಾಗ ತಿಕೋಟಾ ಒಂದು ವಿಧಾನಸಭಾ ಕ್ಷೇತ್ರದ ಹೆಸರು. 1991ರಲ್ಲಿ ಬಿ.ಎಂ. ಪಾಟೀಲರು ತೀರಿಕೊಂಡ ಮೇಲೆ ಅಲ್ಲಿ ಉಪಚುನಾವಣೆ ನಡೆದು, ಅವರ ಮಗ ಎಂ.ಬಿ. ಪಾಟೀಲರು ಮೊದಲ ಸಲ ಶಾಸಕರಾದರು. 2008ರ ಪುನರ್ವಿಂಗಡಣೆಯಲ್ಲಿ ಕ್ಷೇತ್ರದ ಹೆಸರು ಬಬಲೇಶ್ವರ ಎಂದಾಯಿತು. ಮುಂದೆ ತಿಕೋಟಾ ಮತ್ತು ಬಬಲೇಶ್ವರ ಎರಡೂ ತಾಲ್ಲೂಕುಗಳಾದವು. ಬರಿಯ ಹೆಸರು ಬದಲಾದ ಕಥೆಯಲ್ಲ ಇದು. ಯಾವ ಕಚೇರಿ ಎಲ್ಲಿ ಕೂತಿದೆ, ತಹಶೀಲ್ದಾರರ ಹತ್ತಿರ ಹೋಗಲು ಎಷ್ಟು ಬಸ್ ಬದಲಿಸಬೇಕು ಎಂಬುದೇ ಊರಿನವರ ಪಾಲಿಗೆ ಸರ್ಕಾರ.

ಆಗ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಮಧ್ಯಾಹ್ನದೊಳಗೆ ಬರೆದು, ಕವರಿನಲ್ಲಿ ಹಾಕಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡುವುದು; ಅಲ್ಲಿಯ ನಿಲ್ದಾಣದಲ್ಲಿ ಕಚೇರಿಯ ಹುಡುಗ ಇಳಿಸಿಕೊಳ್ಳುವುದು. ಸುಮಾರು 200 ಕಿಲೋಮೀಟರ್. ದೊಡ್ಡ ಘಟನೆ ಆದರೆ ಟ್ರಂಕ್ ಕಾಲ್ ಹಚ್ಚಿ ಕೂಗಿ ಹೇಳುವುದು. ಆಮೇಲೆ ಫ್ಯಾಕ್ಸ್ ಬಂತು. ಫೋಟೋದ ರೋಲು ಮಾತ್ರ ಬಹಳ ಕಾಲ ಬಸ್ಸಿನಲ್ಲೇ ಹೋಯಿತು. ಇದನ್ನು ಹಳೆಯ ದಿನ ಚಂದ ಇತ್ತು ಎನ್ನಲು ಹೇಳುತ್ತಿಲ್ಲ; ಎಷ್ಟೋ ಸುದ್ದಿ ದಾರಿಯಲ್ಲೇ ಸತ್ತಿವೆ. ಆದರೆ ಬಸ್ಸು ಬಿಡುವ ಹೊತ್ತಿನವರೆಗೆ ವರದಿಗಾರನಿಗೆ ಸಮಯವಿತ್ತು. ಆ ಸಮಯದಲ್ಲಿ ಅವನು ಕಚೇರಿಯೊಳಗೆ ಹೋಗಿ, ಗುಮಾಸ್ತರ ಎದುರು ಕೂತು, ಕಡತ ತೆಗೆಸಿ ನೋಡಬಹುದಿತ್ತು. ಈಗ ಸುದ್ದಿ ಕಳಿಸಲು ಒಂದು ಕ್ಷಣ ಸಾಕು. ಅದೇ ಕಾರಣಕ್ಕೆ ಮುಂದಿನ ಕ್ಷಣ ಇನ್ನೊಂದು ಕಳಿಸು ಎಂದು ಮೇಲಿನವರು ಕೇಳುತ್ತಾರೆ.

ವರದಿಗಾರಿಕೆ ಕಲಿಸಿದ ಹಿರಿಯರೊಬ್ಬರು ನನಗೆ ಹೇಳಿದ್ದು ಇಷ್ಟು: "ತಮ್ಮಾ, ಮುನ್ಸಿಪಾಲ್ಟಿ ಮೀಟಿಂಗಿಗೆ ಹೋದರ ಯಾರು ಯಾರಿಗೆ ಬೈದರು ಬರ್ಕೋಬ್ಯಾಡ. ಠರಾವು ಏನಾತು ಬರ್ಕೋ. ಬೈಗಳ ನಾಳಿಗಿ ಯಾರಿಗೂ ನೆನಪಿರಂಗಿಲ್ಲ, ಠರಾವು ಇಪ್ಪತ್ತು ವರ್ಷ ಇರ್ತದ." ಆ ಮಾತಿನ ಹಿಂದೆ ಹೋಗಿಯೇ ನಾನು ಕೆಲಸ ಕಲಿತೆ. ನಗರಸಭೆಯ ಸಭೆ ತಾಸುಗಟ್ಟಲೆ ನಡೆಯುತ್ತಿತ್ತು. ಕೊನೆಗೆ, ಎಲ್ಲರೂ ಚಹಾಕ್ಕೆ ಏಳುವ ಹೊತ್ತಿಗೆ, ಉಳಿದ ವಿಷಯಗಳನ್ನು ಒಟ್ಟಿಗೆ ಓದಿ ಮಂಜೂರು ಎನ್ನುತ್ತಿದ್ದರು. ಆ ಉಳಿದ ವಿಷಯಗಳಲ್ಲೇ ಇರುತ್ತಿತ್ತು: ಯಾವ ಓಣಿಯ ಗಟಾರಕ್ಕೆ ಹಣ ಹೋಯಿತು, ಯಾವ ಓಣಿಯದ್ದು ಮುಂದೂಡಿಕೆಯಾಯಿತು, ಮಾರುಕಟ್ಟೆಯ ಮಳಿಗೆ ಯಾರಿಗೆ ಯಾವ ಬಾಡಿಗೆಗೆ ಹೋಯಿತು, ಉದ್ಯಾನಕ್ಕೆಂದು ಬಿಟ್ಟ ಜಾಗ ಏನಾಯಿತು.

ಇವತ್ತಿನ ವಿಜಯಪುರ ಮಹಾನಗರ ಪಾಲಿಕೆಯನ್ನು ನೋಡಿ. 2022ರ ಅಕ್ಟೋಬರ್ 28ರಂದು 35 ವಾರ್ಡುಗಳಿಗೆ ಮತದಾನವಾಯಿತು. ಬಿಜೆಪಿಗೆ 17, ಕಾಂಗ್ರೆಸ್ಸಿಗೆ 10, ಪಕ್ಷೇತರರಿಗೆ 5, ಎಐಎಂಐಎಂಗೆ 2, ಜೆಡಿಎಸ್‌ಗೆ 1. ಬಹುಮತಕ್ಕೆ 18 ಬೇಕು, ದೊಡ್ಡ ಪಕ್ಷಕ್ಕೆ ಒಂದು ಕಡಿಮೆ. ಮೇಯರ್ ಆಯ್ಕೆಯಲ್ಲಿ ಸದಸ್ಯರಷ್ಟೇ ಅಲ್ಲ, ಆ ವ್ಯಾಪ್ತಿಯ ಶಾಸಕರು, ಸಂಸದರು, ಅಲ್ಲಿ ಮತದಾರರಾಗಿ ನೋಂದಾಯಿಸಿಕೊಂಡ ವಿಧಾನ ಪರಿಷತ್ ಸದಸ್ಯರೂ ಮತ ಹಾಕುತ್ತಾರೆ. ಹಾಗಾಗಿ ವಾರ್ಡುಗಳ ಲೆಕ್ಕ ಒಂದು, ಮೇಯರ್ ಲೆಕ್ಕ ಇನ್ನೊಂದು. ಆಯ್ಕೆ ನಡೆದದ್ದು 2024ರ ಜನವರಿಯಲ್ಲಿ. ಕುರ್ಚಿ ಕಾಂಗ್ರೆಸ್ಸಿಗೆ ಹೋಯಿತು. ಅಂದರೆ ಮತ ಹಾಕಿದ ಜನ ಒಂದು ವರ್ಷದ ಮೇಲೂ ಮೇಯರ್ ಇಲ್ಲದೆ ಕಳೆದರು. ಆ ಅವಧಿಯಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಯಾರು ಯಾರ ಕಡೆ ಹೋಗುತ್ತಾರೆ ಎಂಬುದು. ಗೆದ್ದ ಸದಸ್ಯ ಸಭೆಯಲ್ಲಿ ಎದ್ದು ನಿಂತು ತನ್ನ ವಾರ್ಡಿನ ನೀರಿನ ಪೈಪಿನ ಬಗ್ಗೆ ಕೇಳುವಂತಾಗದೆ ಎಷ್ಟು ಕೆಲಸ ನಿಂತಿತು, ಎಷ್ಟು ಕೆಲಸ ಯಾರನ್ನೂ ಕೇಳದೆ ನಡೆಯಿತು? ಅದನ್ನು ವಾರ್ಡುವಾರು ತೆಗೆದು ಬರೆದಿದ್ದರೆ ನಗರದ ಅತಿ ದೊಡ್ಡ ರಾಜಕೀಯ ಸುದ್ದಿ ಅದಾಗುತ್ತಿತ್ತು.

ಹಳ್ಳಿಗಳ ಕಡೆಗೆ ಹೋದರೆ ಸ್ಥಿತಿ ಇನ್ನೂ ಬಿಗಿ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಕ್ಷೇತ್ರಗಳ ಸೀಮಾ ನಿರ್ಣಯ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. ತಿಕೋಟಾ ಮತ್ತು ಬಬಲೇಶ್ವರದ ಪಾಲಿಗೆ ಇದರ ಅರ್ಥ ಬಹಳ ಕಹಿ. 2016ರಲ್ಲಿ ಇವು ವಿಜಯಪುರ ತಾಲ್ಲೂಕಿನ ಭಾಗ. ಸ್ವಂತ ತಾಲ್ಲೂಕುಗಳಾದ ಮೇಲೆ ಇಲ್ಲಿಯ ಜನ ತಮ್ಮ ತಾಲ್ಲೂಕು ಪಂಚಾಯತಿಗೆಂದು ಒಮ್ಮೆಯೂ ಮತ ಹಾಕಿಲ್ಲ. ಬೋರ್ಡು ಇದೆ, ಕಚೇರಿ ಇದೆ, ಅಧಿಕಾರಿ ಇದ್ದಾರೆ. ಜನ ಆರಿಸಿದವರು ಇಲ್ಲ.

ಇದರಿಂದ ಪತ್ರಿಕೆಗೆ ಆದ ನಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಜಿಲ್ಲಾ ಪಂಚಾಯತಿಯ ಸಾಮಾನ್ಯ ಸಭೆ ನಮ್ಮಂಥವರಿಗೆ ಸುದ್ದಿಯ ಕಣಜವಾಗಿತ್ತು. ಒಬ್ಬ ಸದಸ್ಯ ಎದ್ದು ತನ್ನ ಊರಿನ ಶಾಲೆಯ ಮಾಳಿಗೆ ಸೋರುತ್ತದೆ ಎನ್ನುತ್ತಿದ್ದ. ಹೆಣ್ಣುಮಗಳೊಬ್ಬಳು ಅಂಗನವಾಡಿಗೆ ಬಂದ ಬೇಳೆಯನ್ನು ಚೀಲದಲ್ಲಿ ತಂದು ಅಧ್ಯಕ್ಷರ ಮೇಜಿನ ಮೇಲೆ ಸುರುವಿದ್ದನ್ನು ನಾನೇ ಕಂಡಿದ್ದೇನೆ. ಹುಳ ಹರಿದಾಡುತ್ತಿದ್ದವು, ಆ ಬೇಳೆ ಎಲ್ಲಿಂದ ಬಂತೆಂದು ಅಧಿಕಾರಿ ಎಲ್ಲರೆದುರು ನಿಂತು ಹೇಳಬೇಕಾಯಿತು. ಈಗ ಉಳಿದಿರುವುದು ತ್ರೈಮಾಸಿಕ ಕೆಡಿಪಿ ಸಭೆ. ಅಲ್ಲಿ ಉಸ್ತುವಾರಿ ಸಚಿವರು ಅಧ್ಯಕ್ಷತೆ ವಹಿಸುತ್ತಾರೆ, ಶಾಸಕರು ಕೂತಿರುತ್ತಾರೆ, ಅಧಿಕಾರಿಗಳು ಅಂಕಿ ಓದುತ್ತಾರೆ. ಸಚಿವರು ತರಾಟೆಗೆ ತೆಗೆದುಕೊಂಡರು ಎಂಬುದು ಮರುದಿನದ ಸುದ್ದಿ. ತರಾಟೆಗೆ ತೆಗೆದುಕೊಂಡ ಕೆಲಸ ಮುಂದಿನ ಸಭೆಯ ಹೊತ್ತಿಗೆ ಆಯಿತೋ ಇಲ್ಲವೋ ಎಂದು ಹಳೆಯ ನೋಟ್‌ಬುಕ್ ತೆಗೆದು ನೋಡುವವರು ಕಡಿಮೆಯಾದರು. ಊರಿನ ಕಡೆಯಿಂದ ಪ್ರಶ್ನೆ ಕೇಳುವ ಬಾಯಿಗಳೇ ಸಭೆಯಿಂದ ಹೋದ ಮೇಲೆ, ರಾಜಕೀಯ ಸುದ್ದಿ ಎಂದರೆ ಇಬ್ಬರು ಮೂವರು ದೊಡ್ಡವರ ಹೇಳಿಕೆ ಎಂದಾದದ್ದರಲ್ಲಿ ಆಶ್ಚರ್ಯವಿಲ್ಲ.

ಹೇಳಿಕೆ ಬರೆಯುವುದು ಸುಲಭ, ಅಗ್ಗ, ಅಪಾಯವಿಲ್ಲದ್ದು. ಹೇಳಿದವರು ಅವರು, ಜವಾಬ್ದಾರಿ ಅವರದ್ದು. ಬೆಳಿಗ್ಗೆ ಒಬ್ಬರು ಹೇಳಿದ್ದು, ಸಂಜೆ ಇನ್ನೊಬ್ಬರು ತಿರುಗೇಟು ಕೊಟ್ಟದ್ದು, ಎರಡೂ ಸೇರಿ ಪುಟದ ಅರ್ಧ. ನಮ್ಮ ಜಿಲ್ಲೆಯಲ್ಲಿ ಮಾತಿನ ಮಲ್ಲರಿಗೆ ಕೊರತೆ ಎಂದೂ ಇಲ್ಲ. ಯತ್ನಾಳರು ಒಂದು ವಾಕ್ಯ ಆಡಿದರೆ ಬೆಂಗಳೂರಿನ ವಾಹಿನಿಗಳು ದಿನವಿಡೀ ಅದನ್ನೇ ಓಡಿಸುತ್ತವೆ. 2025ರ ಮಾರ್ಚಿನಲ್ಲಿ ಬಿಜೆಪಿ ಅವರನ್ನು ಆರು ವರ್ಷ ಉಚ್ಚಾಟಿಸಿದಾಗ ವಿಜಯಪುರದ ಹೆಸರು ಮತ್ತೆ ದೇಶದ ಸುದ್ದಿಯಾಯಿತು. ಆ ದಿನ ನಗರದಲ್ಲಿ ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು ಎಂದು ಹೊರಗಿನವರು ಯಾರೂ ಕೇಳಲಿಲ್ಲ.

ದುಡ್ಡಿನ ವಿಷಯ ಬಿಟ್ಟು ಈ ಮಾತು ಪೂರ್ತಿಯಾಗುವುದಿಲ್ಲ. ಓದುಗರು ಪತ್ರಿಕೆಗೆ ಕೊಡುವ ಬೆಲೆ ಅದನ್ನು ಅಚ್ಚು ಹಾಕಿ ಮನೆ ಮುಟ್ಟಿಸುವ ಖರ್ಚಿಗೂ ಸಾಲುವುದಿಲ್ಲ. ಉಳಿದದ್ದು ಜಾಹೀರಾತು. ದೊಡ್ಡ ಕಂಪನಿಗಳ ಜಾಹೀರಾತು ಬೆಂಗಳೂರಿನ ಮುಖಪುಟಕ್ಕೆ ಹೋಗುತ್ತದೆ. ಜಿಲ್ಲಾ ಪುಟಕ್ಕೆ ಸಿಗುವುದು ಸರ್ಕಾರದ ಟೆಂಡರ್ ಪ್ರಕಟಣೆ, ಬಟ್ಟೆ ಬಂಗಾರದ ಅಂಗಡಿ, ಶಾಲೆ ಕಾಲೇಜು, ಆಸ್ಪತ್ರೆ ಮತ್ತು ನಾಯಕರ ಹುಟ್ಟುಹಬ್ಬ. ಇವುಗಳಲ್ಲಿ ಹೆಚ್ಚಿನವು ತಿರುಗಿ ಅದೇ ರಾಜಕಾರಣಿಗಳ ಕೈಗೇ ಸೇರುತ್ತವೆ, ಯಾಕೆಂದರೆ ನಮ್ಮ ಭಾಗದಲ್ಲಿ ಶಿಕ್ಷಣ ಸಂಸ್ಥೆ, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು ನಡೆಸುವವರೂ ರಾಜಕಾರಣ ಮಾಡುವವರೂ ಬಹಳ ಸಲ ಒಬ್ಬರೇ ಆಗಿರುತ್ತಾರೆ. ತಾಲ್ಲೂಕಿನ ವರದಿಗಾರ ಬಹುತೇಕ ಅರೆಕಾಲಿಕ. ಅವನಿಗೆ ಸಿಗುವ ಗೌರವಧನ ಬೈಕಿನ ಪೆಟ್ರೋಲಿಗೆ ಸರಿಹೋಗುತ್ತದೆ. ಜಾಹೀರಾತು ತಂದರೆ ಕಮಿಷನ್ ಉಂಟು. ಹುಟ್ಟುಹಬ್ಬದ ಪುರವಣಿಗೆ ಹಣ ಕೇಳಲು ಯಾವ ವಾಡೆಯ ಬಾಗಿಲಿಗೆ ಹೋಗುತ್ತಾನೋ, ಅದೇ ವಾಡೆಯವರ ಗುತ್ತಿಗೆ ಕೆಲಸದ ಬಗ್ಗೆ ಮರುವಾರ ಬರೆಯಬೇಕು. ಬರೆಯುವ ಹುಡುಗ ಪುಕ್ಕಲನೆಂದು ನಾನು ಎಂದೂ ಹೇಳುವುದಿಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯನನ್ನು ಆ ಎರಡು ಕೆಲಸಕ್ಕೂ ಒಟ್ಟಿಗೆ ಕಟ್ಟಿಹಾಕಿದ್ದು ಅನ್ಯಾಯ.

ಚುನಾವಣೆ ಬಂದರೆ ಈ ದುಡ್ಡಿನ ಹಿಡಿತ ಇನ್ನೊಂದು ರೂಪ ತಾಳುತ್ತದೆ. ಕಾಸಿಗಾಗಿ ಸುದ್ದಿ ಎಂಬ ಮಾತು ದೇಶದ ಬಾಯಿಗೆ ಬಂದದ್ದು 2009ರ ಲೋಕಸಭಾ ಚುನಾವಣೆಯ ನಂತರ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಅದರ ಬಗ್ಗೆ ವರದಿ ಮಾಡಿತು. ಈಗ ಪ್ರತಿ ಜಿಲ್ಲೆಯಲ್ಲೂ ಚುನಾವಣೆಯ ಹೊತ್ತಿಗೆ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ ಇರುತ್ತದೆ. ಸುದ್ದಿಯ ವೇಷದ ಜಾಹೀರಾತು ಎಂದು ಅದಕ್ಕೆ ಖಾತ್ರಿಯಾದರೆ ಅದರ ದರವನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ವಿಧಾನಸಭೆಗೆ ಆ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಕಾಯಿದೆ ಒಳ್ಳೆಯದು. ಆದರೆ ಅಚ್ಚಾದ ಹೊಗಳಿಕೆಯನ್ನು ಸಮಿತಿ ಹಿಡಿಯಬಹುದು, ಅಚ್ಚಾಗದ ಸುದ್ದಿಯನ್ನು ಹಿಡಿಯಲು ಯಾವ ಸಮಿತಿಗೂ ಬರುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಹಣ ಹೆಚ್ಚು ಕೆಲಸ ಮಾಡಿದ್ದು ಈ ಎರಡನೆಯ ಬಗೆಯಲ್ಲಿ ಎಂಬುದು ನನ್ನ ಅನುಭವ.

ಇನ್ನೊಂದು ಸಂಗತಿ ಓದುಗರಿಗೆ ತಿಳಿದಿರಬೇಕು. ಪತ್ರಿಕೆಗಳು ಜಿಲ್ಲೆಗೊಂದು ಪುಟ ಮಾಡಿದಾಗ ನಾವೆಲ್ಲ ಸಂತೋಷಪಟ್ಟೆವು. ಸಣ್ಣ ಊರಿನ ಸುದ್ದಿಗೂ ಜಾಗ ಸಿಕ್ಕಿತು, ಅದು ಲಾಭ. ಆದರೆ ವಿಜಯಪುರದ ಪುಟ ವಿಜಯಪುರದವರಿಗೆ ಮಾತ್ರ. ಬಬಲೇಶ್ವರದಲ್ಲಿ ನಡೆದದ್ದು ಬಾಗಲಕೋಟೆಯಲ್ಲಿ ಅಚ್ಚಾಗದು, ಬೆಂಗಳೂರಿನ ಸಚಿವಾಲಯದ ಮೇಜಿಗಂತೂ ಬಾರದು. ಮೊದಲು ಒಂದು ಹಳ್ಳಿಯ ಸುದ್ದಿ ರಾಜ್ಯದ ಪುಟಕ್ಕೆ ಹೋದರೆ ಬೆಂಗಳೂರಿನಿಂದ ಅಧಿಕಾರಿಗೆ ಫೋನು ಬರುತ್ತಿತ್ತು. ಈಗ ಅದೇ ಸುದ್ದಿ ಫೋಟೋ ಸಮೇತ, ದೊಡ್ಡ ತಲೆಬರಹದಲ್ಲಿ ಬರುತ್ತದೆ, ಜಿಲ್ಲೆಯ ಗಡಿ ದಾಟದೆ ಅಲ್ಲೇ ಉಳಿಯುತ್ತದೆ.

ಇಲ್ಲಿ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ವಚನಗಳ ತಾಡೋಲೆ ಹುಡುಕಿದವರೆಂದು ಅವರನ್ನು ನಾಡೆಲ್ಲ ಬಲ್ಲದು. ಅವರು ವಿಜಯಪುರದ ವಕೀಲರು, ಊರಿನ ಸಾರ್ವಜನಿಕ ಕೆಲಸಗಳಲ್ಲಿ ಮುಂದೆ ನಿಂತವರು, 1920ರಲ್ಲಿ ಮುಂಬೈ ಶಾಸನ ಸಭೆಗೆ ಹೋದವರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕೆಂದು ಸ್ವಂತ ಮನೆ ಮಾರಿದರು. 1926ರಲ್ಲಿ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ತೆಗೆದರು. ಒಂದೇ ಮುದ್ರಣಾಲಯದಲ್ಲಿ ಹನ್ನೆರಡನೆಯ ಶತಮಾನದ ವಚನವೂ ಆ ವಾರದ ಊರಿನ ಸುದ್ದಿಯೂ ಅಚ್ಚಾದವು. ತಾಡೋಲೆ ಓದಿದ ಕಣ್ಣು ಅವರದ್ದು: ಒಂದು ಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹೇಗಿದೆ ಎಂದು ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆಯೇ ಅವರು ಅಚ್ಚಿಗೆ ಕೊಡುತ್ತಿದ್ದರು. ಆ ಶಿಸ್ತನ್ನು ಅಧ್ಯಾತ್ಮದ ಪಾಲಿಗೆ ಬಿಟ್ಟುಕೊಟ್ಟು ಪತ್ರಿಕೆ ನಡೆಸಬಹುದು ಎಂದು ನಾವು ಯಾವಾಗ ನಂಬಿದೆವೋ ನನಗೆ ತಿಳಿಯದು. 1974ರ ಗೆಜೆಟ್ಟನ್ನೂ 1977ರ ತಿದ್ದುಪಡಿಯನ್ನೂ ಪಕ್ಕಪಕ್ಕ ಇಡುವುದು ಅದೇ ಕೆಲಸ.

ಗೆಜೆಟ್ ಎಂದಾಗ ನನ್ನ ಎದೆಗೆ ಹತ್ತಿರದ ಇನ್ನೊಂದು ವಿಷಯ ಬರುತ್ತದೆ: ಕೃಷ್ಣೆಯ ನೀರು. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಆಲಮಟ್ಟಿ ಅಣೆಕಟ್ಟೆಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಈಗ ನಿಲ್ಲುವುದು 519.6 ಮೀಟರ್. 2013ರ ನವೆಂಬರಿನಲ್ಲಿ ಮುಂದಿನ ತೀರ್ಪೂ ಬಂತು. ಆದರೆ ಅಂತರರಾಜ್ಯ ಜಲವಿವಾದ ಕಾಯಿದೆಯ ಪ್ರಕಾರ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾದ ಮೇಲಷ್ಟೇ ಜಾರಿಗೆ ಬರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಪ್ರಕಟಣೆಗೆ ತಡೆ ಹಾಕಿತು. ಅಂದಿನಿಂದ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ 130 ಟಿಎಂಸಿ ನೀರಿಗಾಗಿ ಈ ಜಿಲ್ಲೆ ಕಾಯುತ್ತಿದೆ. ಒಂದು ಗೆಜೆಟ್ಟಿನಲ್ಲಿ ತಪ್ಪಾಗಿ ಅಚ್ಚಾದ ಹೆಸರು ಹೊನವಾಡವನ್ನು ನಡುಗಿಸಿತು. ಇನ್ನೊಂದು ಗೆಜೆಟ್ ಅಚ್ಚಾಗದ್ದಕ್ಕೆ ಅದೇ ಹೊನವಾಡದ ಸುತ್ತಲಿನ ಇಡೀ ಬಯಲು ಸೀಮೆ ಕಾದು ಕೂತಿದೆ. ಮೊದಲನೆಯದಕ್ಕೆ ಟಿ.ವಿ. ಗಾಡಿಗಳು ಬಂದವು. ಎರಡನೆಯದಕ್ಕೆ ವರ್ಷಕ್ಕೊಮ್ಮೆ, ಯಾರಾದರೂ ಸಚಿವರು ದಿಲ್ಲಿಗೆ ಹೋಗಿ ಮನವಿ ಕೊಟ್ಟಾಗ, ಒಂದು ಫೋಟೋ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯ ಜಮೀನಿಗೆ ಪರಿಹಾರ ಗೊತ್ತುಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ. ಆ ಅಂಕಿ ಎಲ್ಲ ಕಡೆ ಬಂತು. ಯಾವ ಹೊಲವನ್ನು ನೀರಾವರಿ ಎನ್ನುತ್ತಾರೆ, ಸ್ವಂತ ಖರ್ಚಿನಲ್ಲಿ ಬೋರ್ ಹೊಡೆಸಿ ದ್ರಾಕ್ಷಿ ಬೆಳೆದವನ ಉತಾರದಲ್ಲಿ ಇನ್ನೂ ಖುಷ್ಕಿ ಎಂದೇ ಇದ್ದರೆ ಅವನಿಗೆ ಯಾವ ದರ ಎಂಬ ಪ್ರಶ್ನೆ ನದಿದಂಡೆಯ ಮನೆಮನೆಯಲ್ಲೂ ಇದೆ.

ಏತ ನೀರಾವರಿಯ ಕಥೆಯೂ ಹಾಗೆಯೇ. ಮುಳವಾಡ, ತುಬಚಿ–ಬಬಲೇಶ್ವರ ಯೋಜನೆಗಳು ಬಂದು ಕೆರೆಗಳು ತುಂಬಿದ್ದು ದೊಡ್ಡ ಕೆಲಸ. ಅದನ್ನು ನಾನು ಮನಸ್ಸು ಬಿಚ್ಚಿ ಹೇಳುತ್ತೇನೆ. ಆದಿಲಶಾಹಿ ಕಾಲದ ಮಮದಾಪುರ ಕೆರೆಯಲ್ಲಿ ಬೇಸಿಗೆಯಲ್ಲಿ ನೀರು ನಿಂತದ್ದನ್ನು ನೋಡಿ ಕಣ್ಣು ತುಂಬಿದ ಮುದುಕರನ್ನು ಕಂಡಿದ್ದೇನೆ. ತಿಕೋಟಾ ಭಾಗದಲ್ಲಿ ದ್ರಾಕ್ಷಿ ಪಡ ಉಳಿಸಲು ಟ್ಯಾಂಕರ್ ನೀರಿಗೆ ಸಾಲ ಮಾಡಿದವರು ಈಗ ಒಣದ್ರಾಕ್ಷಿ ಮಾರಿ ಮಕ್ಕಳನ್ನು ಓದಿಸುತ್ತಿದ್ದಾರೆ. ಆದರೆ ಕೆರೆಗೆ ನೀರು ಬಂದರೆ ಹೊಲಕ್ಕೆ ಬಂದಂತಲ್ಲ. ಮುಖ್ಯ ಕಾಲುವೆ, ಅದರಿಂದ ವಿತರಣಾ ಕಾಲುವೆ, ಕೊನೆಗೆ ಹೊಲಗಾಲುವೆ. ಉದ್ಘಾಟನೆ ನಡೆಯುವುದು ಮೊದಲನೆಯದಕ್ಕೆ. ಕೋಟಿಗಳ ಲೆಕ್ಕ ತಲೆಬರಹವಾಗುವುದೂ ಮೊದಲನೆಯದರ ಹೊತ್ತಿಗೆ. ರೈತನ ಪಾಲಿಗೆ ಯೋಜನೆ ಮುಗಿಯುವುದು ಹೊಲಗಾಲುವೆ ಅಗೆದ ದಿನ. ಆ ದಿನ ಹಾರ ತುರಾಯಿ ಇರುವುದಿಲ್ಲ, ಕ್ಯಾಮೆರಾ ಇರುವುದಿಲ್ಲ.

ಅದಕ್ಕೇ ಈಗ ನನ್ನನ್ನು ಯಾರಾದರೂ ಎಳೆಯರು ಕೇಳಿದರೆ ರಾಜಕೀಯ ವಿಶ್ಲೇಷಣೆ ಹೇಳಿಕೊಡುವುದಿಲ್ಲ. ಉತಾರ ಓದುವುದು, ಟೆಂಡರ್ ಪ್ರಕಟಣೆಯಲ್ಲಿ ಅವಧಿ ಮತ್ತು ಮೊತ್ತ ಹುಡುಕುವುದು, ಕಾಮಗಾರಿಯ ಅಳತೆ ಪುಸ್ತಕ ಕೇಳುವುದು, ಇ-ರಾಜ್ಯಪತ್ರದಲ್ಲಿ ಗೆಜೆಟ್ ತೆಗೆಯುವುದು, ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು: ಇಷ್ಟು ಹೇಳಿಕೊಡುತ್ತೇನೆ. ಅರ್ಜಿಗೆ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಇದು ಪತ್ರಕರ್ತನಿಗಷ್ಟೇ ಇರುವ ಹಕ್ಕಲ್ಲ, ಹೊಲದಲ್ಲಿ ದುಡಿಯುವವನಿಗೂ ಅಷ್ಟೇ ಇದೆ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಹುಡುಗಿಯರನ್ನು ನೋಡಿದಾಗ ನನಗೆ ಅನಿಸುವುದು ಇದೇ. ಇವರಲ್ಲಿ ಎಷ್ಟೋ ಮಂದಿ ಕ್ಯಾಮೆರಾ ಮುಂದೆ ನಿಲ್ಲುವ ಕನಸು ಕಾಣುತ್ತಾರೆ, ಕಾಣಲಿ. ಅವರಲ್ಲಿ ನಾಲ್ವರು ತಮ್ಮ ಊರಿನ ಪಂಚಾಯತಿಯ ನಡಾವಳಿ ಪುಸ್ತಕ ಓದುವ ಹಟಕ್ಕೆ ಬಿದ್ದರೆ ಈ ಜಿಲ್ಲೆಯ ಮುಖ ಬದಲಾಗುತ್ತದೆ.

ತಿಕೋಟಾ ಕಡೆಯ ಒಬ್ಬ ಹುಡುಗ ವಾರಕ್ಕೊಮ್ಮೆ ನನ್ನ ಮನೆಗೆ ಬರುತ್ತಾನೆ. ಡಿಗ್ರಿ ಮುಗಿಸಿ ಅಪ್ಪನ ಜೊತೆ ಪಡ ನೋಡಿಕೊಳ್ಳುತ್ತಾನೆ. ಯಾವ ಪತ್ರಿಕೆಯವನೂ ಅಲ್ಲ. ಕಾಲುವೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ, ತನ್ನೂರಿನ ತೂಬಿಗೆ ಮುಟ್ಟಿದ ದಿನ ಎಂದು ಮೂರು ಸಾಲು ಮಾಡಿ ಒಂದು ವಹಿಯಲ್ಲಿ ಬರೆದಿಟ್ಟಿದ್ದಾನೆ, ತಾರೀಖಿನ ಸಮೇತ ಫೋಟೋ ಇಟ್ಟಿದ್ದಾನೆ. "ಕಾಕಾ, ಕಾಗದದಾಗ ನಮ್ಮ ಹೊಲಗಾಲಿವಿ ಮುಗದೈತಿ ಅಂತಾರ. ಹೊಲದಾಗ ಬರೇ ಕಲ್ಲು ನಟ್ಟಾರ. ಇದನ್ನ ಹೆಂಗ ಕೇಳೂದ್ರಿ?" ಎಂದು ಹೋದ ತಿಂಗಳು ಕೇಳಿದ. ಇಬ್ಬರೂ ಕೂತು ಅರ್ಜಿ ಬರೆದೆವು: ಕಾಲುವೆಯ ಮಂಜೂರಾದ ಉದ್ದ, ಅಗೆದ ಉದ್ದ, ಅಳತೆ ಪುಸ್ತಕದ ಪ್ರತಿ, ಕೊಟ್ಟ ಬಿಲ್ಲಿನ ಮೊತ್ತ. ನೀರಾವರಿ ನಿಗಮದ ಕಚೇರಿಗೆ ಅಂಚೆಯಲ್ಲಿ ಕಳಿಸಿ ಸ್ವೀಕೃತಿ ಚೀಟಿಯನ್ನು ಅವನು ಅದೇ ವಹಿಗೆ ಅಂಟಿಸಿದ್ದಾನೆ. ಉತ್ತರ ಬಂದ ಕೂಡಲೇ ಟೇಪು ಹಿಡಿದುಕೊಂಡು ಕಾಲುವೆಗುಂಟ ನಡೆದು ಅಳೆಯುವುದೆಂದು ಮಾತಾಗಿದೆ. ಊರಿನ ಇನ್ನೂ ಆರೇಳು ರೈತರು ತಾವೂ ಬರುತ್ತೇವೆ ಎಂದಿದ್ದಾರೆ.